ಜೀವಾಣು ಗೊಬ್ಬರ ಬೇರಿಗೆ ತಾಗಬೇಕು

ಮರದ ಸಸಿ ಬೆಳೆಸುವ ನರ್ಸರಿಯೊಂದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹೊಂಗೆ, ಹೆಬ್ಬೇವು, ತೇಗ, ಶ್ರೀಗಂಧ ಎಲ್ಲ ಇವೆ. 'ಜೀವಾಣು ಗೊಬ್ಬರ ಹಾಕಿದ್ವಿ, ಏನೂ ಗುಣ ಕಾಣಲಿಲ್ಲ' ಎನ್ನುವವರು ಆಗಾಗ ಸಿಗುತ್ತಾರೆ. ಹೇಗೆ ಹಾಕಿದಿರಿ ಅಂತ ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: ಡ್ರಮ್ಮಿನಲ್ಲಿ ಕಲಸಿ ಸಸಿ ಚೀಲಗಳ ಮೇಲೆ ಸುರಿದೆವು.

ಜೀವಾಣು ಗೊಬ್ಬರಗಳಲ್ಲಿ ಒಂದಾದ ಮೈಕೊರೈಜಾಗೆ ಈ ದಾರಿ ಅಷ್ಟು ಸರಿಹೋಗುವುದಿಲ್ಲ. ಅದು ಬೇರಿನೊಳಗೆ ಸೇರಿ ಬದುಕುವ ಶಿಲೀಂಧ್ರ. ಜೀವಂತ ಬೇರು ಸಿಗದೆ ಬೆಳೆಯುವುದಿಲ್ಲ. ಅದಕ್ಕೇ ಅದನ್ನು ರಾಗಿ, ಮೆಕ್ಕೆಜೋಳದಂಥ ಗಿಡಗಳ ಬೇರಿನಲ್ಲಿ ಬೆಳೆಸಿ, ಆ ಬೇರನ್ನು ಕತ್ತರಿಸಿ ಮಣ್ಣಿನ ಸಮೇತ ಕೊಡುವ ರೂಢಿ ಇದೆ. ಮೇಲಿಂದ ಸುರಿದರೆ ಬಹುಪಾಲು ಮೇಲ್ಮಣ್ಣಿನಲ್ಲೇ ಉಳಿಯುತ್ತದೆ. ನಾವು ಚೀಲವನ್ನು ಮುಕ್ಕಾಲು ತುಂಬಿ, ಒಂದು ಚಮಚ ಹಾಕಿ, ಮೇಲೆ ಸ್ವಲ್ಪ ಮಣ್ಣು ಹರಡಿ, ಆಮೇಲೆ ಸಸಿ ನೆಡುತ್ತೇವೆ. ಇಳಿಯುವ ಬೇರು ಅದರೊಳಗಿಂದಲೇ ಹಾದುಹೋಗಬೇಕು.

ನಮ್ಮ ಕೆಂಪು ಮಣ್ಣಿನಲ್ಲಿ ರಂಜಕ ಇದ್ದರೂ ಕಬ್ಬಿಣ, ಅಲ್ಯೂಮಿನಿಯಂ ಜೊತೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಬೇರಿನ ಸುತ್ತ ಸಿಗುವಷ್ಟು ಖಾಲಿಯಾದರೆ ಸಸಿ ಅಲ್ಲೇ ನಿಲ್ಲುತ್ತದೆ. ಮೈಕೊರೈಜಾದ ಎಳೆಗಳು ಬೇರಿಗೆ ಎಟುಕದ ಕಡೆಗೂ ಹೋಗಿ ರಂಜಕ, ಸತು ತರುತ್ತವೆ. ಗಿಡ ಅದಕ್ಕೆ ಸಕ್ಕರೆ ಕೊಡುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ.ಜೆ. ಭಾಗ್ಯರಾಜ್ ಮತ್ತು ಜೊತೆಗಾರರು ಮರದ ಸಸಿಗಳ ಮೇಲೆ ಇದನ್ನು ಪರೀಕ್ಷಿಸಿದ್ದಾರೆ. ಎಲ್ಲ ಮರಕ್ಕೂ ಒಂದೇ ಶಿಲೀಂಧ್ರ ಸಮನಾಗಿ ಒಗ್ಗುವುದಿಲ್ಲ ಎಂಬುದು ಇಂಥ ಕೆಲಸದಿಂದ ತಿಳಿದದ್ದು.

ಹಾಕಿದ ಮೇಲೆ ಅದನ್ನು ಉಳಿಸಿಕೊಳ್ಳಬೇಕು, ಅಲ್ವಾ? ಸಸಿ ಬೇಗ ಏಳಲಿ ಎಂದು ರಂಜಕವಿರುವ ಡಿಎಪಿ ಗೊಬ್ಬರ ಜಾಸ್ತಿ ಕೊಟ್ಟರೆ ಗಿಡ ಈ ಶಿಲೀಂಧ್ರವನ್ನು ಹತ್ತಿರ ಸೇರಿಸುವುದಿಲ್ಲ. ಮಡಿಯಲ್ಲಿ ಬುಡ ಕೊಳೆತು ಸಸಿ ಬೀಳತೊಡಗಿದರೆ ಎಲ್ಲರೂ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಸುರಿಯಲು ಹೋಗುತ್ತಾರೆ. ಅದು ರೋಗದ ಶಿಲೀಂಧ್ರಗಳನ್ನು ತಡೆಯುವ ಒಳ್ಳೆಯ ಶಿಲೀಂಧ್ರ ಟ್ರೈಕೋಡರ್ಮಾಗೂ ವಿಷವೇ.

ಟ್ರೈಕೋಡರ್ಮಾವನ್ನು ನಾವು ಮಡಿ ಮಾಡುವ ಮೊದಲೇ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸುತ್ತೇವೆ. ನೀರು ಚಿಮುಕಿಸಿ, ಗೋಣಿತಾಟು ಮುಚ್ಚಿ, ನೆರಳಲ್ಲಿ ಒಂದೆರಡು ವಾರ ಬಿಡುತ್ತೇವೆ. ಗುಡ್ಡೆ ಮಗುಚಿದಾಗ ಹಸಿರು ಬೂಷ್ಟು ಕಂಡು ಹೊಸಬರು 'ಅಯ್ಯೋ, ಗೊಬ್ಬರ ಕೆಟ್ಟೋಯ್ತು' ಎಂದು ಹೆದರುತ್ತಾರೆ. ನಮಗೆ ಬೇಕಾದದ್ದೇ ಆ ಹಸಿರು.

ಹೊಂಗೆಯಲ್ಲಿ ಕೆಲಸ ಕಣ್ಣಿಗೇ ಕಾಣುತ್ತದೆ. ಬೇರಿನಲ್ಲಿ ಗಂಟು ಕಟ್ಟುವ ಬ್ಯಾಕ್ಟೀರಿಯಾ ರೈಜೋಬಿಯಂನ ಪುಡಿಯನ್ನು ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ಸವರಿ, ನೆರಳಲ್ಲಿ ಆರಿಸಿ ಬಿತ್ತುತ್ತೇವೆ. ಬೇರಿನಲ್ಲಿ ಗಂಟು ಕಟ್ಟಿದ ಮೇಲೆ ಒಂದು ಸಸಿ ಬಿಡಿಸಿ, ಮಣ್ಣು ತೊಳೆದು, ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಗುಲಾಬಿ ಕೆಂಪಿದ್ದರೆ ಸಾರಜನಕ ಹಿಡಿಯುವ ಕೆಲಸ ನಡೆದಿದೆ. ಬಿಳಿಯಿದ್ದರೆ ಇನ್ನೂ ಶುರುವಾಗಿಲ್ಲ, ಅಥವಾ ಆ ಗಂಟು ದಂಡ. ಗಂಟು ಎಷ್ಟಿದೆ ಎಂದು ಎಣಿಸುವುದಕ್ಕಿಂತ ಈ ಬಣ್ಣ ನೋಡುವುದನ್ನೇ ನಾನು ಹುಡುಗರಿಗೆ ಮೊದಲು ಕಲಿಸುತ್ತೇನೆ.

ಮೈಕೊರೈಜಾ ಹೀಗೆ ಬರಿಗಣ್ಣಿಗೆ ಕಾಣುವುದಿಲ್ಲ. ಬೇರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲೇ ನೋಡಬೇಕು. ಆದ್ದರಿಂದ ಪ್ರತಿ ಜಾತಿಯಲ್ಲೂ ಒಂದು ಸಾಲನ್ನು ಜೀವಾಣು ಹಾಕದೆ ಬಿಡುತ್ತೇವೆ. ಪಕ್ಕದಲ್ಲಿ ಹೋಲಿಸಲು ಏನೂ ಇಲ್ಲದಿದ್ದರೆ ಗುಣ ಯಾವುದರಿಂದ ಬಂತೆಂದು ಹೇಳುವುದು ಹೇಗೆ? ಎತ್ತರ ಒಂದನ್ನೇ ಅಳೆಯಬೇಡಿ. ಕಾಂಡದ ಬುಡ ಎಷ್ಟು ದಪ್ಪವಿದೆ, ಚೀಲ ಕತ್ತರಿಸಿದಾಗ ಬೇರು ಮಣ್ಣನ್ನು ಹಿಡಿದುಕೊಂಡಿದೆಯಾ ನೋಡಿ. ಪ್ಯಾಕೆಟ್ ಕೊಳ್ಳುವಾಗ ತಯಾರಾದ ತಾರೀಖು ಓದಿ. ಅಂಗಡಿಯ ಮುಂದೆ ಬಿಸಿಲಿನಲ್ಲಿಟ್ಟದ್ದನ್ನು ತೆಗೆದುಕೊಳ್ಳಲೇಬೇಡಿ.