ಮನೆ ಖಾಲಿ ಮಾಡಿ ಎಂಬ ಕಾಗದ ಬಂದಾಗ: ಮ್ಯೂನಿಕ್‌ನಿಂದ

2023ರ ಜನವರಿಯ ಕೊನೆಯಲ್ಲಿ ನಮ್ಮ ಮನೆಯ ಮಾಲೀಕರಿಂದ ವಾಟ್ಸಾಪ್ ಸಂದೇಶವೊಂದು ಬಂತು: ಓದು ಮುಗಿಸಿ ಊರಿಗೆ ಮರಳುತ್ತಿರುವ ಮಗಳಿಗೆ ಮನೆ ಬೇಕಾಗಿದೆ, ಜುಲೈ ಮುಗಿಯುವುದರೊಳಗೆ ಬಿಟ್ಟುಕೊಡಬೇಕು. ಮ್ಯೂನಿಕ್‌ಗೆ ಬಂದ ಲಾಗಾಯ್ತು, ಅಂದರೆ ಐದು ವರ್ಷಗಳಿಗೂ ಹೆಚ್ಚು ಕಾಲ, ನಾವು ಇದ್ದದ್ದು ಅದೇ ಮನೆಯಲ್ಲಿ. ಫೋನಿನಲ್ಲಿ ಅಮ್ಮ, "ಅವರ ಮನೆ, ಅವರು ಕೇಳುತ್ತಿದ್ದಾರೆ. ಪರದೇಶದಲ್ಲಿ ನಿಷ್ಠುರ ಕಟ್ಟಿಕೊಳ್ಳಬೇಡಪ್ಪ" ಎಂದಳು. ಹನ್ನೊಂದು ತಿಂಗಳ ಕರಾರಿನ ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಬೆಳೆದ ನನಗೂ ಅದೇ ಸರಿ ಎನಿಸಿ, ಆ ರಾತ್ರಿಯೇ ಬೇರೆ ಮನೆ ಹುಡುಕಲು ಕುಳಿತೆ.

ತಡೆದವರು ನನ್ನ ಜರ್ಮನ್ ಸಹೋದ್ಯೋಗಿ. ಇಲ್ಲಿನ ಊರೂರಲ್ಲೂ 'ಮೀಟರ್‌ಫೆರೈನ್' ಎಂಬ ಬಾಡಿಗೆದಾರರ ಸಂಘಗಳಿವೆ. ವರ್ಷದ ಚಂದಾ ಕಟ್ಟಿ ಸದಸ್ಯರಾದವರ ಕಾಗದಪತ್ರಗಳನ್ನು ಕಾನೂನು ಬಲ್ಲವರು ಓದಿ ಸಲಹೆ ಕೊಡುತ್ತಾರೆ. ಕೋರ್ಟಿನ ಖರ್ಚಿಗೆ ಅವರ ಮೂಲಕ ಸಿಗುವ ವಿಮೆ ಮಾತ್ರ ಸದಸ್ಯತ್ವಕ್ಕೆ ಮೊದಲೇ ಹುಟ್ಟಿದ ತಕರಾರಿಗೆ ಅನ್ವಯಿಸುವುದಿಲ್ಲ. ಜಗಳವಿಲ್ಲದ ದಿನಗಳಲ್ಲೇ ಸೇರಿಕೊಳ್ಳದೆ ನಾನು ಎಡವಿದ್ದು ಅಲ್ಲೇ.

ಅಲ್ಲಿನ ವಕೀಲೆ ಹೇಳಿದ ಮೊದಲ ಮಾತೇ ನನ್ನನ್ನು ಬೆರಗುಗೊಳಿಸಿತು: ಕಾಗದದ ಮೇಲೆ ಕೈಯಾರೆ ಸಹಿ ಮಾಡಿ ಕಳಿಸದ ನೋಟಿಸ್ ಇಲ್ಲಿ ನೋಟಿಸೇ ಅಲ್ಲ. ಫೆಬ್ರವರಿ 7ರಂದು ಕಾಗದವೂ ಬಂತು. ಆದರೆ ಕರಾರಿನಲ್ಲಿ ಹೆಂಡತಿಯ ಹೆಸರೂ ಇರುವಾಗ ಅದು ನನ್ನೊಬ್ಬನ ಹೆಸರಿಗೆ ಬಂದಿದ್ದರಿಂದ ಅದಕ್ಕೂ ಬೆಲೆಯಿರಲಿಲ್ಲ. ಇಬ್ಬರ ಹೆಸರಿನ ಪತ್ರ ಕೈಸೇರುವಾಗ ಮಾರ್ಚ್ ಮಧ್ಯಭಾಗ ದಾಟಿತ್ತು. ತಿಂಗಳ ಮೂರನೆಯ ಕೆಲಸದ ದಿನದೊಳಗೆ ತಲುಪಿದರಷ್ಟೇ ಆ ತಿಂಗಳು ಲೆಕ್ಕಕ್ಕೆ ಸೇರುವುದರಿಂದ, ನಮ್ಮ ಎಣಿಕೆ ಏಪ್ರಿಲ್‌ನಿಂದ ಶುರುವಾಯಿತು. ಮಾಲೀಕರು ಕೊಡಬೇಕಾದ ಅವಧಿ ಸಾಮಾನ್ಯವಾಗಿ 3 ತಿಂಗಳು, ಐದು ವರ್ಷ ಕಳೆದವರಿಗೆ 6, ಎಂಟು ವರ್ಷ ಕಳೆದವರಿಗೆ 9. ಹೀಗೆ ಜುಲೈ ಎಂದಿದ್ದದ್ದು ಸೆಪ್ಟೆಂಬರ್ 30 ಆಯಿತು.

ಅವಧಿ ನಮೂದಿಸದ ಕರಾರಿನಲ್ಲಿ, ಬಾಡಿಗೆಯನ್ನು ತಪ್ಪದೆ ಕಟ್ಟುವವರನ್ನು ಮಾಲೀಕರು ಮನಸ್ಸು ಬಂದಂತೆ ಎಬ್ಬಿಸುವಂತಿಲ್ಲ. 'ಆಯ್ಗನ್‌ಬೆಡಾರ್ಫ್', ಅಂದರೆ ಸ್ವಂತ ಅಗತ್ಯ, ಒಪ್ಪಿತ ಕಾರಣವೇ. ಆದರೆ ಮನೆ ಯಾರಿಗೆ, ಏಕೆ ಬೇಕು ಎಂಬುದನ್ನು ಪತ್ರದಲ್ಲೇ ಬರೆಯಬೇಕು. ಅದು ನಿಜವಾಗಿದ್ದರೂ ಬಾಡಿಗೆದಾರರು ತಮ್ಮ ಕಷ್ಟವನ್ನು ಮುಂದಿಟ್ಟು, ಅವಧಿ ಮುಗಿಯುವುದಕ್ಕೆ ಎರಡು ತಿಂಗಳ ಮೊದಲೇ ಬರಹದಲ್ಲಿ ಆಕ್ಷೇಪ ಸಲ್ಲಿಸಬಹುದು. ಕಾಯಿಲೆ, ಬಸಿರು, ಎಷ್ಟು ಅಲೆದರೂ ಕೈಗೆಟುಕುವ ಮನೆ ಸಿಗದಿರುವುದು ಇವೆಲ್ಲ ಅದರಲ್ಲಿ ಸೇರುತ್ತವೆ. ಅಲೆದದ್ದಕ್ಕೆ ಪುರಾವೆ ಬೇಕಾದ್ದರಿಂದ, ನಾನು ಅರ್ಜಿ ಹಾಕಿದ ಪ್ರತಿಯೊಂದು ಮನೆಯ ವಿವರವನ್ನೂ ಬರೆದಿಡುತ್ತ ಬಂದೆ. ಅಷ್ಟಕ್ಕೂ ಒಪ್ಪದ ಮಾಲೀಕರು ಕೋರ್ಟಿಗೆ ಹೋಗಬೇಕೇ ಹೊರತು ತಾವೇ ಬೀಗ ಬದಲಿಸುವಂತಿಲ್ಲ. ತೀರ್ಪು ಬಾಡಿಗೆದಾರರ ವಿರುದ್ಧ ಬಂದರೂ ಮನೆ ಬಿಡಲು ಗರಿಷ್ಠ ಒಂದು ವರ್ಷದವರೆಗೆ ಸಮಯ ಕೊಡುವ ಅಧಿಕಾರ ನ್ಯಾಯಾಧೀಶರಿಗಿದೆ.

ಬಾಡಿಗೆ ಬಾಕಿಯ ಕಥೆ ಇಷ್ಟು ಮೃದುವಲ್ಲ. ಎರಡು ತಿಂಗಳ ಬಾಡಿಗೆ ನಿಂತರೆ ಅವಧಿ ಕೊಡದೆಯೇ ಕರಾರು ಮುರಿಯಬಹುದು. ದಾವೆಯ ಪ್ರತಿ ಕೈಸೇರಿದ ಎರಡು ತಿಂಗಳೊಳಗೆ ಬಾಕಿಯನ್ನೆಲ್ಲ ತೀರಿಸಿದರೆ ಆ ನೋಟಿಸ್ ಬಿದ್ದುಹೋಗುತ್ತದೆ, ಆದರೆ ಜೊತೆಯಲ್ಲೇ ಕೊಟ್ಟಿರಬಹುದಾದ ಅವಧಿಸಹಿತ ನೋಟಿಸ್ ಉಳಿಯುತ್ತದೆ. ವರಮಾನ ಕಡಿಮೆಯಿದ್ದವರು ಸ್ಥಳೀಯ ನ್ಯಾಯಾಲಯದಿಂದ ಸಲಹಾಪತ್ರ ಪಡೆದರೆ 15 ಯೂರೋಗೆ ವಕೀಲರ ಸಲಹೆ ಸಿಗುತ್ತದೆ. ಬಾಕಿ ತೀರಿಸಲು ಸರ್ಕಾರಿ ಸಾಲವೂ ಉಂಟು. ಆದರೆ ವೀಸಾದ ಮೇಲಿರುವವರು ವಕೀಲರನ್ನು ಕೇಳದೆ ಅದಕ್ಕೆ ಕೈ ಹಾಕಬಾರದು, ಏಕೆಂದರೆ ನಮ್ಮ ಪರವಾನಗಿ ನಿಂತಿರುವುದೇ ಸ್ವಂತ ದುಡಿಮೆಯಲ್ಲಿ ಬದುಕುತ್ತೇವೆ ಎಂಬುದರ ಮೇಲೆ.

ಈಗಷ್ಟೇ ಬಂದಿಳಿಯುವ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಮಾಲೀಕರು ತಾವೂ ವಾಸಿಸುವ ಮನೆಯೊಳಗೆ ಮಂಚ, ಮೇಜು ಸಮೇತ ಕೊಡುವ ಕೋಣೆಗೆ ಈ ರಕ್ಷಣೆ ಇಲ್ಲ. 15ನೆಯ ತಾರೀಖಿನೊಳಗೆ ನೋಟಿಸ್ ಕೊಟ್ಟು ಆ ತಿಂಗಳ ಕೊನೆಗೇ ಬಿಡಿಸಬಹುದು.

ಜುಲೈನಲ್ಲಿ ನಾವು ಆಕ್ಷೇಪ ಸಲ್ಲಿಸಿದೆವು. ಮಾಲೀಕರು ಕೋರ್ಟಿಗೆ ಹೋಗದೆ ಡಿಸೆಂಬರ್‌ವರೆಗಿನ ಅವಧಿಗೆ ಸಹಿ ಹಾಕಿದರು. ನವೆಂಬರ್‌ನಲ್ಲಿ ಡಾಖೌ ಕಡೆ ಮನೆ ಸಿಕ್ಕಿತು. ಬೀಗದ ಕೈ ಒಪ್ಪಿಸಿದ ದಿನ ಅವರು ನಮ್ಮ ಮಗಳ ಹೊಸ ಶಾಲೆಯ ಬಗ್ಗೆ ವಿಚಾರಿಸಿದರು, ನಾನು ಅವರ ಮಗಳ ಕೆಲಸದ ಬಗ್ಗೆ ಕೇಳಿದೆ. ಅಮ್ಮನಿಗೆ ಇದನ್ನೆಲ್ಲ ವಿವರಿಸಿದಾಗ ಆಕೆ, "ಅವರಿಗೆ ಬೇಜಾರಾಗಲಿಲ್ಲ ತಾನೇ?" ಎಂದಷ್ಟೇ ಕೇಳಿದಳು.