ಹಪ್ಪಳದ ಡಬ್ಬಿಯೊಳಗಿನ ಪುಸ್ತಕ: ಆಟಿ ತಿಂಗಳ ಓದು

ಜುಲೈ 19
ಆಟಿ ಶುರುವಾಗಿದೆ. ನಿನ್ನೆ ರಾತ್ರಿಯಿಂದ ಕರೆಂಟಿಲ್ಲ. ಜಾರ್ಜ್ ಆರ್. ಆರ್. ಮಾರ್ಟಿನ್ ಬರೆದ ‘ಎ ಸ್ಟಾರ್ಮ್ ಆಫ್ ಸೋರ್ಡ್ಸ್’ ಹಿಡಿದೆ. ‘ಎ ಸಾಂಗ್ ಆಫ್ ಐಸ್ ಆ್ಯಂಡ್ ಫೈರ್’ ಸರಣಿಯ ಮೂರನೆಯ ಕಾದಂಬರಿ, 2000ದಲ್ಲಿ ಬಂದದ್ದು. ಒಟ್ಟು 82 ಅಧ್ಯಾಯ. ನನ್ನ ಹತ್ತಿರ ಇರುವುದು ಎರಡು ಭಾಗ ಮಾಡಿದ ಪ್ರತಿ.

ಬದಿಯಡ್ಕದ ಕಡೆಯ ಮಳೆ ಗೊತ್ತಲ್ವಾ, ಪುಸ್ತಕ ಹೊರಗಿಟ್ಟರೆ ಪುಟವೆಲ್ಲ ಮೆತ್ತಗಾಗಿ ಬೂಸರು ಹಿಡಿಯುತ್ತದೆ. ಹಲಸಿನ ಹಪ್ಪಳದ ಡಬ್ಬಿ ಅರ್ಧ ಖಾಲಿಯಾಗಿತ್ತು. ಅದರೊಳಗೇ ಇಟ್ಟು ಮುಚ್ಚಳ ಬಿಗಿ ಮಾಡಿದೆ. ಈಗ ಪುಟ ಬಿಡಿಸಿದರೆ ಹಪ್ಪಳದ ಖಾರದ ಪರಿಮಳ.

ಜುಲೈ 27
37 ಅಧ್ಯಾಯ ಆಯಿತು. ಮಧ್ಯಾಹ್ನ ಅತ್ತೆ ಅಡಿಕೆ ಸುಲಿಯುವಾಗ ಪಕ್ಕದಲ್ಲಿ ಕೂತು ಓದುತ್ತೇನೆ. ಕಥೆ ಏನು ಅಂತ ಅವರು ಕೇಳುತ್ತಾರೆ, ನಾನು ಹೇಳುತ್ತೇನೆ.

ಈ ಕಾದಂಬರಿಯಲ್ಲಿ ಪ್ರತಿ ಅಧ್ಯಾಯ ಒಬ್ಬೊಬ್ಬರ ಕಣ್ಣಿನಿಂದ ಸಾಗುತ್ತದೆ. ಮೊದಲ ಪುಸ್ತಕದಲ್ಲಿ ಸಣ್ಣ ಹುಡುಗನನ್ನು ಗೋಪುರದ ಕಿಟಕಿಯಿಂದ ದೂಡಿದವನು ಜೇಮಿ. ಅವನ ಒಳಮನಸ್ಸು ನಮಗೆ ಮೊದಲ ಸಲ ಸಿಗುವುದು ಈ ಮೂರನೆಯದರಲ್ಲಿ. ಬಿಸಿನೀರಿನ ಸ್ನಾನದ ಕೊಳದಲ್ಲಿ ಕೂತು, ತಾನು ಕಾಯಬೇಕಾಗಿದ್ದ ರಾಜನನ್ನೇ ಯಾಕೆ ಕೊಂದೆ ಅಂತ ಹೇಳುತ್ತಾನೆ. ಆ ರಾಜ ಇಡೀ ಪಟ್ಟಣವನ್ನೇ ಸುಡಲು ಹೊರಟಿದ್ದ. ನಾನು ಎರಡು ಸಲ ಓದಿದೆ. ಅತ್ತೆ ಕತ್ತಿ ಬದಿಗಿಟ್ಟು, "ಹಾಂಗಾರೆ ಇದು ತಾಳಮದ್ದಳೆ" ಅಂದರು. ಹೌದು, ಕೌರವನ ಅರ್ಥ ಹೇಳುವವರು ಕೌರವನ ಪರವಾಗಿಯೇ ವಾದಿಸುತ್ತಾರಲ್ವಾ? ಅವರು ಮಾತಾಡುವಷ್ಟು ಹೊತ್ತು ನಮಗೂ ಅದೇ ಸರಿ ಅನ್ನಿಸುತ್ತದೆ.

ಆಗಸ್ಟ್ 2
ಪತ್ರೊಡೆ, ಮಗಳ ಜ್ವರ. ಒಂದೇ ಅಧ್ಯಾಯ.

ಆಗಸ್ಟ್ 6
ಎರಡನೇ ಭಾಗ. ಒಂದು ಮದುವೆ ಮನೆಯ ಅಧ್ಯಾಯ. ಯಾರು ಸತ್ತರು ಅಂತ ಬರೆಯುವುದಿಲ್ಲ, ಓದದವರಿಗೆ ಅದು ಹಾಗೇ ಸಿಗಬೇಕು. ಆ ಲೋಕದಲ್ಲಿ ಬಂದವರಿಗೆ ರೊಟ್ಟಿ ಮತ್ತು ಉಪ್ಪು ಕೊಡುತ್ತಾರೆ. ಅದನ್ನು ತಿಂದ ಮೇಲೆ ಮನೆಯವರು ಅತಿಥಿಯನ್ನು ಮುಟ್ಟುವ ಹಾಗಿಲ್ಲ, ಅತಿಥಿ ಮನೆಯವರನ್ನು ಮುಟ್ಟುವ ಹಾಗಿಲ್ಲ. ಆ ಕಟ್ಟಳೆ ಆ ರಾತ್ರಿ ಮುರಿಯುತ್ತದೆ. ಮಂಜಿನಲ್ಲಿ ಎದ್ದು ಬರುವ ಹೆಣಗಳಿಗೂ ನಾನು ಇಷ್ಟು ಹೆದರಿರಲಿಲ್ಲ.

ಮಾರ್ಟಿನ್ ಇದನ್ನು ಸುಮ್ನೆ ಕಟ್ಟಿದ್ದಲ್ಲ. ಸ್ಕಾಟ್ಲೆಂಡಿನ ಚರಿತ್ರೆಯಿಂದ ತೆಗೆದುಕೊಂಡೆ ಅಂತ ಅವರೇ ಹೇಳಿದ್ದಾರೆ. 1440ರಲ್ಲಿ ಎಡಿನ್‌ಬರೋ ಕೋಟೆಗೆ ಡಗ್ಲಸ್ ಮನೆತನದ ಇಬ್ಬರು ಹುಡುಗರನ್ನು ಊಟಕ್ಕೆ ಕರೆದು ಕೊಂದರು. 1692ರಲ್ಲಿ ಗ್ಲೆಂಕೋ ಕಣಿವೆಯಲ್ಲಿ ಸೈನಿಕರು ಎರಡು ವಾರದ ಹತ್ತಿರ ಮನೆಮನೆಗಳಲ್ಲಿ ಉಂಡು ಮಲಗಿ, ಕೊನೆಗೆ ಉಣ್ಣಿಸಿದವರನ್ನೇ ಕೊಂದರು.

ಆಗಸ್ಟ್ 7
ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಮನೆಗೆ ಒಬ್ಬರು ಬಂದರು. ತೋಟದ ಗಡಿ ವಿಷಯದಲ್ಲಿ ನಮಗೂ ಅವರಿಗೂ ಮಾತಿಲ್ಲದೆ ವರ್ಷಗಳಾಗಿವೆ. ಕೊಡೆ ಮಡಚಿ ಜಗಲಿಗೆ ಹತ್ತಿದ್ದೇ ತಡ, ಅತ್ತೆ "ಆಸರಿಂಗೆ ಬೇಕಾ?" ಅಂತ ಕೇಳಿ, ಹಿತ್ತಾಳೆ ಚೆಂಬಿನಲ್ಲಿ ನೀರು, ತಟ್ಟೆಯಲ್ಲಿ ಒಂದು ಅಚ್ಚು ಬೆಲ್ಲ ತಂದಿಟ್ಟರು. ಅವರು ಬೆಲ್ಲ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಚೆಂಬನ್ನು ತುಟಿಗೆ ತಾಗಿಸದೆ ಎತ್ತಿ ಕುಡಿದರು. ನಾನು ಬಾಗಿಲ ಹತ್ತಿರ ನಿಂತು ಆ ತಟ್ಟೆಯನ್ನೇ ನೋಡುತ್ತಿದ್ದೆ. ದಿನಾ ನೋಡುವ ತಟ್ಟೆ ಅದು.

ಅವರು ಹೋದ ಮೇಲೆ ಅತ್ತೆಗೆ ಮದುವೆ ಮನೆಯ ಕಥೆ ಹೇಳಿದೆ. ಅಡಿಕೆ ಸುಲಿಯುವ ಕೈ ನಿಂತಿತು.

"ಬೆಲ್ಲ ನೀರು ಕೊಟ್ಟಿಕ್ಕಿ ಕೊಂದವಾ?"

ರೊಟ್ಟಿ, ಉಪ್ಪು ಅಂತಲೇ ನಾನು ಹೇಳಿದ್ದು. ತಿದ್ದಲು ಹೋಗಲಿಲ್ಲ.

ಆಗಸ್ಟ್ 10
ಇನ್ನು 24 ಅಧ್ಯಾಯ ಬಾಕಿ. ಎರಡು ದಿನ ಡಬ್ಬಿ ತೆರೆಯಲು ಮನಸ್ಸಾಗಿರಲಿಲ್ಲ. ಮದುವೆಯ ರಾತ್ರಿ ಕೋಟೆಯ ಬಾಗಿಲವರೆಗೂ ಬಂದಿದ್ದ ಸಣ್ಣ ಹುಡುಗಿಯ ಸುದ್ದಿ ಮತ್ತೆ ಬಂದಿಲ್ಲ. ಇವತ್ತು ದೋಸೆಗೆ ಅಕ್ಕಿ ತೊಳೆಯುತ್ತಾ ಇದ್ದೆ. ಅತ್ತೆ ಹಪ್ಪಳ ತೆಗೆಯಲು ಡಬ್ಬಿಗೆ ಕೈ ಹಾಕಿದವರು, ಮೊದಲು ಪುಸ್ತಕವನ್ನು ತೆಗೆದು ನನ್ನ ಪಕ್ಕದಲ್ಲಿಟ್ಟು ಕೇಳಿದರು:

"ಆ ಸಣ್ಣ ಕೂಸು ಎಂತಾತು?"