ಬೀಗವಿಲ್ಲದ ಹರಾಜಿನ ಮನೆ

ಬ್ಯಾಂಕೊಂದು ಹರಾಜಿಗಿಟ್ಟ ಮನೆಯನ್ನು ನೋಡಲು ಇಂದು ಅಕ್ಕನೊಂದಿಗೆ ಹೋಗಿದ್ದೆ. ಬಾಗಿಲಿಗೆ ಅಂಟಿಸಿದ್ದ ಸ್ವಾಧೀನದ ನೋಟಿಸಿನ ಅಂಚು ಹರಿದಿತ್ತು. ಒಳಗೆ ಕುಕ್ಕರ್ ಕೂಗುತ್ತಿತ್ತು. ಬ್ಯಾಂಕಿನ ಬಳಿ ಇದ್ದದ್ದು ಸಾಂಕೇತಿಕ ಸ್ವಾಧೀನ ಮಾತ್ರ: ಕಾಗದದಲ್ಲಿ ಮನೆ ಬ್ಯಾಂಕಿನ ವಶ, ಒಳಗೆ ಇನ್ನೂ ಜನರ ವಾಸ.

ಸಾಲ ತೀರಿಸದವರು ಅಡವಿಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆಯೇ ಮಾರಲು ಬ್ಯಾಂಕಿಗೆ ಅವಕಾಶ ಕೊಡುವ 2002ರ ಸರ್ಫೇಸಿ ಕಾಯ್ದೆಯಡಿಯ ನಿಯಮದಂತೆ ಬಿಡ್ ಗೆದ್ದವರು ಶೇ 25ರಷ್ಟು ಹಣವನ್ನು ಅಂದೇ ಅಥವಾ ಮುಂದಿನ ಕೆಲಸದ ದಿನದೊಳಗೆ ಕಟ್ಟಬೇಕು. ಉಳಿದದ್ದನ್ನು ಮಾರಾಟ ಖಚಿತವಾದ 15 ದಿನಗಳಲ್ಲಿ, ಇಲ್ಲವೇ ಬರಹದಲ್ಲಿ ಒಪ್ಪಿಕೊಂಡ ಗರಿಷ್ಠ 3 ತಿಂಗಳ ಗಡುವಿನಲ್ಲಿ ತುಂಬದಿದ್ದರೆ ಕಟ್ಟಿದ್ದೂ ಮುಟ್ಟುಗೋಲಾಗುತ್ತದೆ. ಸಾಲಗಾರರು ಸಾಲ ವಸೂಲಾತಿ ನ್ಯಾಯಮಂಡಳಿಯ ಮೊರೆ ಹೋದರೆ ಕೊಂಡವರಿಗೆ ವಕೀಲರ ಶುಲ್ಕ ಬೇರೆ. ಮನೆಯನ್ನು ಅದು ಇರುವ ಸ್ಥಿತಿಯಲ್ಲೇ ಕೊಳ್ಳಬೇಕೆನ್ನುವ ‘ಇದ್ದಲ್ಲಿ ಇದ್ದ ಹಾಗೆ’ ಎಂಬ ಷರತ್ತಿನ ಹಿಂದೆ ಆಸ್ತಿ ತೆರಿಗೆ, ಕರೆಂಟ್ ಬಿಲ್, ಅಪಾರ್ಟ್‌ಮೆಂಟ್ ಸಂಘದ ಬಾಕಿಗಳು ಅಡಗಿರಬಹುದೆಂಬುದು ನನ್ನನ್ನು ಹೆಚ್ಚು ಕಾಡಿತು.

ಅಲ್ಲಿರುವವರು ಮುಂದೆ ಎಲ್ಲಿಗೆ ಹೋಗುತ್ತಾರೋ ಎಂದ ಅಕ್ಕ, ಕರೆಗಂಟೆ ಒತ್ತದೆಯೇ ಮೆಟ್ಟಿಲಿಳಿದಳು.